ಅಟ್ಟಕ್ಕೆ ಹಲಗೆ ಹೊಡೆಸುವ ಮುಂಚೆ ವೈರು ನೋಡಿ

ರೂಮಿನ ಲೈಟ್ ಸ್ವಿಚ್ ಒತ್ತಿದರೆ ಸಾಕು, ಟ್ರಿಪ್ ಆಗುತ್ತಿದೆ ಎಂದು ಒಂದು ಮನೆಯವರು ಕರೆದಿದ್ದರು. ಬಲ್ಬ್, ಹೋಲ್ಡರ್, ಕೊನೆಗೆ ಸ್ವಿಚ್ಚನ್ನೂ ಬದಲಿಸಿ ನೋಡಿದ್ದರಂತೆ. ಇತ್ತೀಚೆಗೆ ಮೇಲೆ ಏನಾದರೂ ಕೆಲಸ ಮಾಡಿಸಿದ್ರಾ ಎಂದು ಕೇಳಿದೆ. ಸಾಮಾನು ಇಡೋಕೆ ಅಂತ ಅಟ್ಟಕ್ಕೆ ಹಲಗೆ ಹೊಡೆಸಿದ್ದರು. ಹತ್ತಿ ಸಾಲಾಗಿ ಸ್ಕ್ರೂ ಬಿಚ್ಚುತ್ತಾ ಹೋದೆ. ಏಳನೆಯದರ ಮೊನೆಗೆ ತಾಮ್ರದ ಚೂರು ಅಂಟಿತ್ತು.

ಅವರ ಅದೃಷ್ಟ ಚೆನ್ನಾಗಿತ್ತು. ಸ್ಕ್ರೂ ಲೈವ್ ಮತ್ತು ಅರ್ತ್ ಎರಡನ್ನೂ ಮುಟ್ಟಿದ್ದರಿಂದ ಟ್ರಿಪ್ ಆಯಿತು. ಬರೀ ಲೈವ್ ಮುಟ್ಟಿದ್ದರೆ? ಒಣ ಮರದಲ್ಲಿ ಕರೆಂಟ್ ಹರಿಯುವುದಿಲ್ಲ ಅನ್ನುವಷ್ಟು ಕಡಿಮೆ. ಕರೆಂಟ್ ಜಾಸ್ತಿ ಹರಿದರೆ ಬೀಳುವ ಎಂಸಿಬಿಗೆ ಗೊತ್ತಾಗುವುದಿಲ್ಲ, ಕರೆಂಟ್ ಸೋರಿದರೆ ಬೀಳುವ ಆರ್‌ಸಿಸಿಬಿಗೂ ಗೊತ್ತಾಗುವುದಿಲ್ಲ. ಸ್ಕ್ರೂ ತಲೆ ಮಾತ್ರ ಕರೆಂಟ್ ಹಿಡಿದುಕೊಂಡು ಕೂತಿರುತ್ತದೆ.

ಹಾಗಾಗಿ ಮೊದಲು ಮೇನ್ ಆಫ್ ಮಾಡಿ, ಟೆಸ್ಟರ್‌ನಲ್ಲಿ ಖಾತ್ರಿ ಮಾಡಿಕೊಂಡು, ಬಿಸಿ ತಡೆಯಲು ಹಾಸುವ ಗ್ಲಾಸ್‌ವೂಲ್ ಇದ್ದರೆ ಎತ್ತಿ, ಯಾವ ವೈರು ಎಲ್ಲಿಂದ ಎಲ್ಲಿಗೆ ಹೋಗಿದೆ ನೋಡಿ. ಫೋಟೋ ತೆಗೆದಿಡಿ. ಕಾಲಿಡುವುದು ಜಂತೆಗಳ ಮೇಲೆ ಮಾತ್ರ, ಇಲ್ಲದಿದ್ದರೆ ಸೀಲಿಂಗ್ ಸಮೇತ ಕೆಳಗಿಳಿಯುತ್ತೀರಿ.

ಜಂತೆಯ ಉದ್ದಕ್ಕೆ ಹೋಗಿರುವ ವೈರಿನ ತಂಟೆ ಇಲ್ಲ. ಜಂತೆಯ ಪಕ್ಕಕ್ಕೆ, ಮೇಲಂಚಿನಿಂದ ಸಾಕಷ್ಟು ಕೆಳಗೆ ಕ್ಲಿಪ್ ಹೊಡೆದರೆ ಮುಗಿಯಿತು. ತಲೆನೋವು ಅಡ್ಡ ಹಾಯುವ ವೈರಿನದ್ದು. ಜಂತೆಯ ಮೇಲೆ ಗಾಡಿ, ಅಂದರೆ ತೋಡು, ಕೊರೆದು, ವೈರು ಕೂರಿಸಿ, ಮೇಲೆ ಹಲಗೆ ಹೊಡೆಯುವುದು ಸುಲಭದ ದಾರಿ. ಆದರೆ ಸ್ಕ್ರೂ ಬಂದು ಕೂರುವುದೂ ಅಲ್ಲೇ ಅಲ್ವಾ? 18 ಮಿ.ಮೀ. ಹಲಗೆಗೆ 40 ಮಿ.ಮೀ. ಸ್ಕ್ರೂ ಹಾಕಿದರೆ 22 ಮಿ.ಮೀ. ಜಂತೆಯೊಳಗೆ ಇಳಿಯುತ್ತದೆ. ಮೇಲಂಚಿನಿಂದ ಕನಿಷ್ಠ 50 ಮಿ.ಮೀ. ಕೆಳಗೆ, ಜಂತೆಯ ನಡುಮಧ್ಯದಲ್ಲಿ ತೂತು ಕೊರೆದು ವೈರು ದಾಟಿಸಿದರೆ ಸ್ಕ್ರೂಗೆ ಎಟುಕುವುದಿಲ್ಲ. ಆದರೆ ಇರುವ ವೈರನ್ನು ಒಂದು ಕಡೆ ಬಿಚ್ಚಿ ಮತ್ತೆ ಪೋಣಿಸಬೇಕು, ಉದ್ದ ಸಾಲದೆ ಬಂದರೆ ಹೊಸ ಜಾಯಿಂಟು ಬೇರೆ.

ನನಗೆ ಹಿಡಿಸುವುದು ಹಲಗೆಯನ್ನೇ ಎತ್ತರಿಸುವುದು. ಅಡ್ಡ ವೈರು ಹೋಗುವ ದಿಕ್ಕಿನಲ್ಲೇ ಜಂತೆಗಳ ಮೇಲೆ ರೀಪು ಹೊಡೆಯಿರಿ. ಎರಡು ರೀಪುಗಳ ನಡುವೆ ವೈರು ಆರಾಮಾಗಿ ಮಲಗುತ್ತದೆ, ಸ್ಕ್ರೂ ರೀಪಿಗೆ ಮಾತ್ರ ಇಳಿಯುತ್ತದೆ. ಸೀಲಿಂಗ್ ಹೊರಲಷ್ಟೇ ಹಾಕಿದ ಜಂತೆಗಳು ಟ್ರಂಕು, ಪೆಟ್ಟಿಗೆಗಳ ಭಾರವನ್ನೂ ತಡೆಯುತ್ತವಾ ಎಂದು ಬಲ್ಲವರನ್ನು ಮೊದಲೇ ಕೇಳಿ.

ಜನ ಯೋಚನೆಯನ್ನೇ ಮಾಡದ ವಿಷಯ ಬಿಸಿ. ಕರೆಂಟ್ ಹರಿದಾಗ ವೈರು ಬಿಸಿಯಾಗುತ್ತದೆ, ಕರೆಂಟ್ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು. ಆ ಬಿಸಿ ಹೊರಗೆ ಹೋಗಲು ಗಾಳಿ ಬೇಕು. ಮೇಲ್ಮೈಗೆ ಕ್ಲಿಪ್ ಹೊಡೆದ 2.5 ಸ್ಕ್ವೇರ್ ಎಂಎಂ ಫ್ಲಾಟ್ ಕೇಬಲ್‌ಗೆ ಬ್ರಿಟನ್ನಿನ ವೈರಿಂಗ್ ನಿಯಮ ಬಿಎಸ್ 7671 ಕೊಡುವುದು 27 ಆಂಪ್. ಅದೇ ಕೇಬಲ್ ಅರ್ಧ ಮೀಟರಿಗಿಂತ ಜಾಸ್ತಿ ಉದ್ದ ಸುತ್ತಲೂ ಗ್ಲಾಸ್‌ವೂಲ್‌ನಲ್ಲಿ ಹೂತಿದ್ದರೆ 13.5 ಆಂಪ್, ಅಂದರೆ ಅರ್ಧ. 20 ಆಂಪ್ ಎಂಸಿಬಿ ಅದನ್ನು ಕಾಯುವುದಿಲ್ಲ. ಎಂಸಿಬಿ ನೋಡುವುದು ಕರೆಂಟನ್ನು, ಹೊದ್ದು ಮಲಗಿದ ವೈರಿನ ಬಿಸಿಯನ್ನಲ್ಲ. ಎಲ್ಇಡಿ ಲೈಟಿನ ವೈರಿಗೆ ಇಷ್ಟು ಹೆದರಬೇಕಿಲ್ಲ. ಗೀಸರ್, ಎಸಿ ವೈರುಗಳನ್ನು ಮಾತ್ರ ಗ್ಲಾಸ್‌ವೂಲ್‌ನ ಮೇಲೆ ತನ್ನಿ, ಇಲ್ಲವೇ ದಪ್ಪ ಕೇಬಲ್ ಹಾಕಿಸಿ. ಮಿಕ್ಕಿದ ಉದ್ದವನ್ನು ಸುರುಳಿ ಸುತ್ತಿ ಹಲಗೆ ಕೆಳಗೆ ತುರುಕಬೇಡಿ. ಥರ್ಮೋಕೋಲ್‌ಗೂ ಪಿವಿಸಿ ವೈರಿಗೂ ಆಗಿಬರುವುದಿಲ್ಲ. ತಾಗಿಕೊಂಡಿದ್ದರೆ ಪಿವಿಸಿಯನ್ನು ಮೆತ್ತಗಿಡುವ ಅಂಶ ಥರ್ಮೋಕೋಲ್‌ಗೆ ಇಳಿದು, ಕೆಲ ವರ್ಷಗಳಲ್ಲಿ ವೈರಿನ ಸಿಪ್ಪೆ ಗಟ್ಟಿಯಾಗಿ ಬಿರುಕು ಬಿಡುತ್ತದೆ.

ಜಂಕ್ಷನ್ ಬಾಕ್ಸ್ ಮೇಲೆ ಬರುವ ಹಲಗೆಯನ್ನು ಸುಲಭವಾಗಿ ಬಿಚ್ಚುವ ಹಾಗೆ ಬಿಡಿ, ಮೇಲೆ ಮಾರ್ಕರ್‌ನಲ್ಲಿ ಬರೆದಿಡಿ. ಇಲಿ ಓಡಾಡುವ ಅಟ್ಟವಾದರೆ ವೈರನ್ನು ಲೋಹದ ಪೈಪಿನಲ್ಲಿ ಹಾಯಿಸಿ.

ಹಲಗೆ ಹೊಡೆಯುವ ಮುಂಚೆ ಒಂದು ಸಲ, ಹೊಡೆದ ಮೇಲೆ ಒಂದು ಸಲ ಎಲೆಕ್ಟ್ರಿಷಿಯನ್ ಹತ್ತಿರ 500 ವೋಲ್ಟ್ ಮೆಗ್ಗರ್ ಟೆಸ್ಟ್, ಅಂದರೆ ವೈರಿನ ಸಿಪ್ಪೆ ಕರೆಂಟನ್ನು ಎಷ್ಟು ತಡೆಯುತ್ತದೆ ಎಂದು ಅಳೆಯುವ ಪರೀಕ್ಷೆ, ಮಾಡಿಸಿ. ಬಲ್ಬು, ಉಪಕರಣ ಎಲ್ಲ ಬಿಚ್ಚಿರಬೇಕು. 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಫೇಲು. ಆದರೆ ಮುಂಚೆ 200 ಇದ್ದದ್ದು ಈಗ 3 ತೋರಿಸಿದರೂ ಪಾಸಾಯ್ತು ಅಂತ ಸುಮ್ನೆ ಇಳಿದು ಬರಬೇಡಿ. ಸ್ಕ್ರೂ ಬಿಚ್ಚಿ ನೋಡಿ.