ಚಿಪ್ಪಿಗೆ ಚಿಪ್ಪೇ ನೆಲ

ಇಳಿತದ ಹೊತ್ತಿಗೆ ನಮ್ಮ ಕರಾವಳಿಯ ಅಳಿವೆಗಳಲ್ಲಿ ನೀರಿನಿಂದ ಎದ್ದ ಬಂಡೆಯನ್ನೋ ಸೇತುವೆಯ ಕಂಬವನ್ನೋ ಹತ್ತಿರದಿಂದ ನೋಡಿ. ಒರಟು ಮೈಯ, ಬೂದು ಬಣ್ಣದ ಚಿಪ್ಪುಗಳು ಒತ್ತೊತ್ತಾಗಿ ಅಂಟಿಕೊಂಡಿರುವುದು ಕಾಣುತ್ತದೆ. ಬರಿಗಾಲಲ್ಲಿ ಹತ್ತಿದವರಿಗೆ ಅವುಗಳ ಅಂಚು ಎಷ್ಟು ಹರಿತವೆಂದು ಗೊತ್ತು. ಇದೇ ಸಿಂಪಿ, ದೊಡ್ಡ ಹೋಟೆಲುಗಳ ಮೆನುವಿನಲ್ಲಿ ಆಯ್ಸ್ಟರ್. ಕೆಲವನ್ನಾದರೂ ಕಣ್ಣಿಟ್ಟು ನೋಡಿದರೆ ಅವು ಕೂತಿರುವುದು ಬಂಡೆಯ ಮೇಲಲ್ಲ, ಇನ್ನೊಂದು ಸಿಂಪಿಯ ಬೆನ್ನ ಮೇಲೆ. ಆ ಬೆನ್ನಿನ ಮೇಲೆ ಮತ್ತೆ ಉಗುರಿನಷ್ಟಗಲದ ಎರಡು ಮೂರು ಮರಿಗಳು.

ಸಿಂಪಿಯ ಬಾಳೆಲ್ಲ ಆ ಅಂಟಿನಲ್ಲಿದೆ. ಹೆಣ್ಣು ಲಕ್ಷಗಟ್ಟಲೆ ಮೊಟ್ಟೆಗಳನ್ನು ನೀರಿಗೇ ಬಿಡುತ್ತದೆ. ಹುಟ್ಟಿದ ಮರಿ ಎರಡು ಮೂರು ವಾರ ಅಲೆಯೊಂದಿಗೆ ತೇಲುತ್ತದೆ. ಆಮೇಲೆ ಅದಕ್ಕೊಂದು ಕಣ್ಣಚುಕ್ಕೆ, ಒಂದು ಪುಟ್ಟ ಪಾದ ಮೂಡುತ್ತವೆ. ಆ ಪಾದದಿಂದ ತೆವಳುತ್ತ, ಹಿರಿಯ ಸಿಂಪಿಗಳು ನೀರಿಗೆ ಬಿಡುವ ರಾಸಾಯನಿಕಗಳ ಜಾಡು ಹಿಡಿದು ಗಟ್ಟಿ ಜಾಗ ಹುಡುಕುತ್ತದೆ. ಸಿಕ್ಕಿದೊಡನೆ ಎಡಚಿಪ್ಪನ್ನು ಕೆಳಗೆ ಮಾಡಿ ಸಿಮೆಂಟಿನಂಥ ಅಂಟು ಒಸರಿಸಿ ಕೂತುಬಿಡುತ್ತದೆ. ಮತ್ತೆ ಜಾಗ ಬದಲಿಸುವ ಮಾತೇ ಇಲ್ಲ, ಬೇಡವಾದ ಪಾದವೂ ಕರಗಿಹೋಗುತ್ತದೆ. ಕೆಸರಿಗೆ ಬಿದ್ದ ಮರಿ ಬದುಕುವುದಿಲ್ಲ. ಕೆಸರೇ ತುಂಬಿದ ಅಳಿವೆಗಳಲ್ಲಿ ಗಟ್ಟಿ ನೆಲವೆಂದರೆ ಬಹುಪಾಲು ಹಿಂದಿನವರ ಚಿಪ್ಪೇ. ಹೀಗೆ ತಲೆಮಾರಿನ ಮೇಲೆ ತಲೆಮಾರು ಕೂತು ನೀರಿನಡಿಯಲ್ಲಿ ದಿಬ್ಬಗಳು ಏಳುತ್ತವೆ. ಹವಳದ ದಿಬ್ಬಗಳನ್ನು ನಾವು ಚಿತ್ರಗಳಲ್ಲಾದರೂ ಕಂಡಿದ್ದೇವೆ. ಮಬ್ಬು ನೀರಿನಡಿಯ ಸಿಂಪಿದಿಬ್ಬಗಳಿಗೆ ಆ ಭಾಗ್ಯವಿಲ್ಲ. ಅವು ಅಳಿದದ್ದೂ ಹೆಚ್ಚಿನವರಿಗೆ ಗೊತ್ತಾಗದೇ ಹೋಯಿತು. 2011ರಲ್ಲಿ ಪ್ರಕಟವಾದ ಜಾಗತಿಕ ಸಮೀಕ್ಷೆಯೊಂದರ ಅಂದಾಜಿನಂತೆ ಜಗತ್ತಿನ ಸಿಂಪಿದಿಬ್ಬಗಳಲ್ಲಿ ಶೇ. 85ರಷ್ಟು ನಾಶವಾಗಿವೆ.

ಅಮೆರಿಕದ ಪೂರ್ವ ಕರಾವಳಿಯ ಚೆಸಾಪೀಕ್ ಕೊಲ್ಲಿಯಲ್ಲಿ ಆದದ್ದನ್ನೇ ನೋಡೋಣ. ಸುಮಾರು 320 ಕಿಲೋಮೀಟರ್ ಉದ್ದದ, ಆಳ ಕಡಿಮೆಯ ಅಳಿವೆ ಅದು. 1880ರ ದಶಕದಲ್ಲಿ ಮೇರಿಲ್ಯಾಂಡ್ ರಾಜ್ಯವೊಂದೇ ಒಂದು ಹಂಗಾಮಿನಲ್ಲಿ ಸುಮಾರು 1.5 ಕೋಟಿ ದೊಡ್ಡ ಬುಟ್ಟಿಗಳಷ್ಟು ಸಿಂಪಿ ಎತ್ತಿತು. ಕಬ್ಬಿಣದ ಹಲ್ಲಿನ ಬಲೆಗಳು ದಿಬ್ಬಗಳನ್ನೇ ಗೋರಿ ಚಪ್ಪಟೆ ಮಾಡಿದವು. ಮಾಂಸ ತಿಂದಾಯಿತು, ಚಿಪ್ಪು ನೀರಿಗೆ ಮರಳಲಿಲ್ಲ. ರಸ್ತೆಗೆ ಸುರಿದರು, ಕೋಳಿಗೆ ಹಾಕಿದರು, ಸುಟ್ಟು ಸುಣ್ಣ ಮಾಡಿದರು. ಚಿಪ್ಪು ಸುಟ್ಟ ಸುಣ್ಣ ನಮಗೇನೂ ಹೊಸದಲ್ಲ, ಕರಾವಳಿಯ ಹಳೆಯ ಮನೆಗಳ ಗೋಡೆಗೂ ಎಲೆಯಡಿಕೆಗೂ ಅದೇ ಬಳಕೆಯಾಗುತ್ತಿತ್ತು. ಮುಂದೆ 20ನೆಯ ಶತಮಾನದ ನಡುವಿಗೆ ಡರ್ಮೋ, ಎಂಎಸ್ಎಕ್ಸ್ ಎಂಬ ಎರಡು ರೋಗಗಳು ಉಳಿದವನ್ನೂ ಹಿಂಡಿದವು.

ಕಳೆದುಕೊಂಡದ್ದು ಊಟವನ್ನಷ್ಟೇ ಅಲ್ಲ. ಸಿಂಪಿ ಕಿವಿರುಗಳ ಮೂಲಕ ನೀರನ್ನು ಎಳೆದು ಪಾಚಿಯ ಕಣಗಳನ್ನು ತಿನ್ನುತ್ತದೆ. ಬೇಡವಾದ ಮಣ್ಣಿನ ಕಣಗಳನ್ನು ಲೋಳೆಯಲ್ಲಿ ಉಂಡೆಕಟ್ಟಿ ತಳಕ್ಕೆ ಉಗುಳುತ್ತದೆ. ಬೆಳೆದ ಒಂದು ಸಿಂಪಿ ಅನುಕೂಲ ಒದಗಿದರೆ ದಿನಕ್ಕೆ 190 ಲೀಟರಿನವರೆಗೆ ನೀರು ಸೋಸಬಲ್ಲದು. 1988ರಲ್ಲಿ ವಿಜ್ಞಾನಿ ರೋಜರ್ ನ್ಯೂವೆಲ್ ಲೆಕ್ಕ ಹಾಕಿದರು: 1870ಕ್ಕಿಂತ ಹಿಂದಿನ ಸಿಂಪಿಗಳು ಕೊಲ್ಲಿಯ ಇಡೀ ನೀರನ್ನು ಒಂದು ವಾರದೊಳಗೆ ಸೋಸಿಬಿಡುತ್ತಿದ್ದವು, ತಮ್ಮ ಕಾಲಕ್ಕೆ ಉಳಿದವಕ್ಕೆ ಅದೇ ಕೆಲಸಕ್ಕೆ ಹೆಚ್ಚುಕಡಿಮೆ ಒಂದು ವರ್ಷ ಬೇಕು. ಹೊಲಗಳ ಗೊಬ್ಬರ ತೊಳೆದು ಬಂದು ಪಾಚಿ ಉಕ್ಕುವ ಕೊಲ್ಲಿಯಲ್ಲಿ ಆ ವ್ಯತ್ಯಾಸ ನನ್ನನ್ನು ಈಗಲೂ ಬೆಚ್ಚಿಬೀಳಿಸುತ್ತದೆ.

ದಿಬ್ಬವನ್ನೇ ನಂಬಿದ ಬಾಡಿಗೆದಾರರೂ ಇದ್ದಾರೆ. ಬೆರಳುದ್ದದ ಗೋಬಿ ಮೀನು ಸತ್ತ ಸಿಂಪಿಯ ಬಾಯ್ದೆರೆದ ಚಿಪ್ಪಿನ ನುಣುಪಾದ ಒಳಮೈಗೆ ಮೊಟ್ಟೆಗಳನ್ನು ಸಾಲಾಗಿ ಅಂಟಿಸುತ್ತದೆ, ಗಂಡು ಅಲ್ಲೇ ಕಾವಲು ಕೂರುತ್ತದೆ. ಏಡಿ, ಸಿಗಡಿಗಳಿಗೂ ಅದೇ ಸಂದುಗೊಂದು ಮನೆ. ಜರ್ಮನಿಯ ಕೀಲ್ ನಗರದ ಪ್ರಾಧ್ಯಾಪಕ ಕಾರ್ಲ್ ಮೋಬಿಯಸ್ 1877ರಲ್ಲಿ, ಒಂದೆಡೆ ಕೂಡಿ ಬಾಳುವ ಜೀವಿಗಳ ಸಮುದಾಯಕ್ಕೆಂದು 'ಬಯೋಸಿನೋಸಿಸ್' ಎಂಬ ಪದ ಕಟ್ಟಿದ್ದು ಸಿಂಪಿಗಳ ನೆಲೆಯನ್ನು ಅಭ್ಯಸಿಸುತ್ತಲೇ.

ಮತ್ತೆ ಬೆಳೆಸುವ ಪ್ರಯತ್ನಗಳು ಬಹುಕಾಲ ಸೋತವು. ತಳಕ್ಕೆ ತೆಳುವಾಗಿ ಚಿಪ್ಪು ಹರಡುತ್ತಿದ್ದರು, ಹೂಳು ಬಂದು ಮುಚ್ಚುತ್ತಿತ್ತು. 2004ರಲ್ಲಿ ವರ್ಜೀನಿಯಾದ ಗ್ರೇಟ್ ವಿಕೊಮಿಕೊ ನದಿಯಲ್ಲಿ ಹಿಡಿಯಲು ಅವಕಾಶವಿಲ್ಲದ ಒಂಬತ್ತು ಕಡೆ ದಿಬ್ಬ ಕಟ್ಟಿದರು, ಕೆಲವು ತಗ್ಗು, ಕೆಲವು ಮೊಣಕಾಲಿಗೂ ಮುಟ್ಟದಷ್ಟೇ ಎತ್ತರ. 2007ರಲ್ಲಿ ಎಣಿಸಿದಾಗ ಅಂದಾಜು 18.5 ಕೋಟಿ ಸಿಂಪಿಗಳಿದ್ದವು. ಎತ್ತರದ ದಿಬ್ಬಗಳಲ್ಲಿ ತಗ್ಗಿನವಕ್ಕಿಂತ ನಾಲ್ಕು ಪಟ್ಟು ಒತ್ತಾಗಿ. ಅಷ್ಟೇ ಎತ್ತರ ಸಿಂಪಿಯನ್ನು ಹೂಳಿನಿಂದ ಮೇಲೆತ್ತಿ, ಹರಿವ ನೀರಿಗೆ ಮುಖ ಮಾಡಿ ಕೂರಿಸುತ್ತದೆ. ದೋಣಿಗಳು ನೂರು ವರ್ಷ ಗೋರಿ ತೆಗೆದದ್ದು ಸಿಂಪಿಯ ಜೊತೆಗೆ ಈ ಎತ್ತರವನ್ನೂ ಎಂಬುದು ಆಗ ಮನದಟ್ಟಾಯಿತು.

ಮೇರಿಲ್ಯಾಂಡಿನ ಹ್ಯಾರಿಸ್ ಕ್ರೀಕಿನಲ್ಲಿ 2015ರ ಹೊತ್ತಿಗೆ ಸುಮಾರು 350 ಎಕರೆ ದಿಬ್ಬ ಎದ್ದಿತು, 200 ಕೋಟಿಗೂ ಹೆಚ್ಚು ಮರಿಗಳನ್ನು ಬಿಟ್ಟರು. ಸಾಕಷ್ಟು ಚಿಪ್ಪು ಸಿಗದೆ ಗ್ರಾನೈಟ್ ಕಲ್ಲನ್ನೂ ಸುರಿಯಬೇಕಾಯಿತು. ಏಡಿ ಹಿಡಿಯುವವರ ಹಗ್ಗಗಳು ಆ ಕಲ್ಲಿಗೆ ಸಿಕ್ಕಿಕೊಳ್ಳುತ್ತವೆಂದು ಬೆಸ್ತರು ಸಿಟ್ಟಾದರು. ತಲೆತಲಾಂತರದಿಂದ ಹಿಡಿದ ನೀರಿಗೆ ನಿಷೇಧ ಬಿದ್ದಾಗ ನೋವಾಗದಿರುತ್ತದೆಯೇ? ಆ ಮಾತನ್ನು ಮೊದಲೇ ಕೇಳಿಸಿಕೊಂಡಿದ್ದರೆ ಕೆಲಸ ಹಗುರಾಗುತ್ತಿತ್ತು ಎಂದೇ ನನ್ನ ಅನಿಸಿಕೆ.

ಮರಿಗಳು ಬರುವುದು ಅದೇ ರಾಜ್ಯದ ಕೇಂಬ್ರಿಜ್ ಎಂಬ ಪಟ್ಟಣದ ಹಾರ್ನ್ ಪಾಯಿಂಟ್ ಪ್ರಯೋಗಾಲಯದಿಂದ. ಅಲ್ಲಿ ನಿಂಬೆಹಣ್ಣಿನ ಗಾತ್ರದ ಕಂದು ಮುದ್ದೆಯೊಂದರಲ್ಲಿ ಲಕ್ಷಾಂತರ ಮರಿಗಳು ಇರುತ್ತವೆ. ಹೋಟೆಲುಗಳಿಂದ ತಂದ ಖಾಲಿ ಚಿಪ್ಪನ್ನು ತಿಂಗಳುಗಟ್ಟಲೆ ಬಿಸಿಲುಮಳೆಗೆ ಒಡ್ಡಿ, ತೊಳೆದು, ತೊಟ್ಟಿಗಳಲ್ಲಿ ತುಂಬಿ, ಆ ಮುದ್ದೆಯನ್ನು ನೀರಿನಲ್ಲಿ ಕದಡುತ್ತಾರೆ. ಕೆಲವೇ ದಿನಗಳಲ್ಲಿ ಮರಿಗಳು ಚಿಪ್ಪು ಹಿಡಿದು ಕೂರುತ್ತವೆ. ದೋಣಿಯ ಮೇಲೆ ರಾಶಿ ಹಾಕಿದ ಆ ಚಿಪ್ಪುಗಳನ್ನು ಪೈಪಿನ ನೀರಿನ ರಭಸದಿಂದ ದಿಬ್ಬದ ಮೇಲಕ್ಕೆ ಚಿಮ್ಮಿಸುತ್ತಾರೆ. ಒಂದೊಂದು ಚಿಪ್ಪಿನ ಮೇಲೂ ಸಾಸಿವೆಯಷ್ಟೂ ಇಲ್ಲದ ಹಲವು ಚುಕ್ಕೆಗಳು ಅಂಟಿರುತ್ತವೆ.