ಟಿಕೆಟ್ ಇಲ್ಲದ ಬಸ್ಸು ನಿಂತುಹೋದ ಬಗೆ

ಅಂಗಡಿಬೀದಿಯನ್ನು ಸುತ್ತಲಿನ ಬಡಾವಣೆಗಳಿಗೆ ಜೋಡಿಸುವ ಉಚಿತ ಷಟಲ್ ಬಸ್ಸು ನಿಂತಾಗ ಹೊರಬೀಳುವ ಪ್ರಕಟಣೆಯಲ್ಲಿ ಸಾಮಾನ್ಯವಾಗಿ ಎರಡು ಕಾರಣಗಳಿರುತ್ತವೆ: ಪ್ರಯಾಣಿಕರು ಕಡಿಮೆಯಾದರು, ಹಣ ಸಾಲದಾಯಿತು. ಎರಡೂ ಸುಳ್ಳಲ್ಲ. ಆದರೆ ಅವುಗಳಲ್ಲಿ ಯಾವುದು ಮೊದಲು ಬಂತು, ಯಾವುದು ಅದರ ಬೆನ್ನಿಗೆ ಬಂತು ಎಂಬುದನ್ನು ಪ್ರಕಟಣೆ ಹೇಳುವುದಿಲ್ಲ. ಅದನ್ನು ತಿಳಿಯಬೇಕಾದರೆ ಇಂಥ ಬಸ್ಸು ಯಾರ ಹಣದಲ್ಲಿ, ಯಾವ ಉದ್ದೇಶಕ್ಕೆ ರಸ್ತೆಗಿಳಿಯಿತು ಎಂಬಲ್ಲಿಂದ ಹೊರಡಬೇಕಾಗುತ್ತದೆ.

ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ನಗರಗಳಲ್ಲಿ ಜನ ಹೊರವಲಯಕ್ಕೆ ಹೋದರು, ಮಳಿಗೆಗಳು ಅವರ ಹಿಂದೆ ಹೋದವು, ಪಾರ್ಕಿಂಗ್‌ಗೆ ಕಾಸು ಕೊಡಬೇಕಾಗಿಲ್ಲದ ಮಾಲ್‌ಗಳ ಎದುರು ಹಳೆಯ ಪೇಟೆಗಳು ಸೊರಗಿದವು. ಆ ಪೇಟೆಗಳಿಗೆ ಗಿರಾಕಿಗಳನ್ನು ಮರಳಿ ತರಬೇಕು, ಆದರೆ ಅವರ ಕಾರುಗಳನ್ನು ತರಬಾರದು ಎಂಬ ಇಕ್ಕಟ್ಟಿನಲ್ಲಿ ಮೂಡಿದ ಉಪಾಯ ಉಚಿತ ಬಸ್ಸು. ಸಿಯಾಟಲ್ ನಗರ 1973ರಲ್ಲಿ ತನ್ನ ಕೇಂದ್ರಭಾಗದೊಳಗಿನ ಬಸ್ ಪ್ರಯಾಣವನ್ನು ಉಚಿತಗೊಳಿಸಿತು. ಪೋರ್ಟ್‌ಲ್ಯಾಂಡ್ 1975ರ ಜನವರಿಯಲ್ಲಿ ಅದೇ ದಾರಿ ಹಿಡಿಯಿತು. ಅಲ್ಲಿ ವ್ಯಾಪಾರದ ಚಿಂತೆಯ ಜೊತೆಗೆ ಹೊಗೆಯ ಚಿಂತೆಯೂ ಇತ್ತು. ಡೆನ್ವರ್ 1982ರಲ್ಲಿ ತನ್ನ 16ನೇ ಬೀದಿಯನ್ನು ಪಾದಚಾರಿಗಳಿಗೆ ಬಿಟ್ಟುಕೊಟ್ಟು, ಅದರ ನಡುವೆ ಉಚಿತ ಷಟಲ್ ಓಡಿಸಿತು.

ಸಿಯಾಟಲ್‌ನ ಏರ್ಪಾಡು ಗಮನಿಸತಕ್ಕದ್ದು. ನಗರಕೇಂದ್ರದಿಂದ ಹೊರಕ್ಕೆ ಹೋಗುವ ಬಸ್ಸಿನಲ್ಲಿ ಹತ್ತುವಾಗ ಯಾರೂ ದುಡ್ಡು ಕೊಡಬೇಕಾಗಿರಲಿಲ್ಲ. ಉಚಿತ ವಲಯ ದಾಟಿ ಇಳಿಯುವವರು ಇಳಿಯುವಾಗ ಕೊಡುತ್ತಿದ್ದರು. ಎಲ್ಲ ಬಾಗಿಲುಗಳಿಂದಲೂ ಜನ ಹತ್ತಬಹುದಾದ್ದರಿಂದ ಬಸ್ಸು ನಿಲ್ದಾಣದಲ್ಲಿ ಕಾಯುವ ಹೊತ್ತು ಕಡಿಮೆಯಾಗುತ್ತಿತ್ತು. ಇದಕ್ಕಾಗಿ ನಗರಾಡಳಿತವು ಸಾರಿಗೆ ಸಂಸ್ಥೆಗೆ ವರ್ಷಕ್ಕಿಷ್ಟು ಎಂದು ಕಟ್ಟುತ್ತಿತ್ತು. ಕೊನೆಯ ವರ್ಷಗಳಲ್ಲಿ ಅದು 4 ಲಕ್ಷ ಡಾಲರ್ ಆಗಿತ್ತು, ಸಂಸ್ಥೆ ಕಳೆದುಕೊಳ್ಳುತ್ತಿದ್ದ ಟಿಕೆಟ್ ಆದಾಯ ಅದಕ್ಕಿಂತ ಬಹಳ ಹೆಚ್ಚಿತ್ತು. ಲಾಭ ಪಡೆಯುವವರು ಒಬ್ಬರು, ಹಣ ಕಟ್ಟುವವರು ಇನ್ನೊಬ್ಬರು, ಕೊರತೆ ಹೊರುವವರು ಮತ್ತೊಬ್ಬರು ಎಂಬ ಈ ಹಂಚಿಕೆ ಮುಂದೆ ಬಂದ ಸಣ್ಣ ಸಣ್ಣ ಷಟಲ್‌ಗಳಿಗೂ ಅಂಟಿಕೊಂಡಿತು.

ನಾವು ಇಂದು ಬಡಾವಣೆಯ ಷಟಲ್ ಎಂದು ಕರೆಯುವ ಪುಟ್ಟ ಬಸ್ಸಿನ ಕಾಲ ನಿಜವಾಗಿ ಶುರುವಾದದ್ದು 1990ರ ದಶಕದಲ್ಲಿ, ಎರಡು ಬಗೆಯ ಹಣ ಒಂದೆಡೆ ಸೇರಿದಾಗ. ಒಂದು, ವ್ಯಾಪಾರ ವಲಯದ ಆಸ್ತಿದಾರರು ಅಥವಾ ವರ್ತಕರು ತಮ್ಮ ಮೇಲೆ ತಾವೇ ಹಾಕಿಕೊಳ್ಳುವ ವಿಶೇಷ ಕರ. ಟೊರಾಂಟೊದ ಬ್ಲೂರ್ ವೆಸ್ಟ್ ವಿಲೇಜ್‌ನಲ್ಲಿ 1970ರಲ್ಲಿ ಮೊದಲಾದ ಈ ಪದ್ಧತಿಯನ್ನು ಅಮೆರಿಕದ ಅನೇಕ ನಗರಗಳು ಆ ಹೊತ್ತಿಗೆ ಅಳವಡಿಸಿಕೊಂಡಿದ್ದವು. ಇನ್ನೊಂದು, 1991ರ ಸಾರಿಗೆ ಕಾಯ್ದೆಯಡಿ ವಾಹನ ದಟ್ಟಣೆಯನ್ನೂ ವಾಯುಮಾಲಿನ್ಯವನ್ನೂ ತಗ್ಗಿಸಲೆಂದು ಅಮೆರಿಕದ ಕೇಂದ್ರ ಸರ್ಕಾರ ಕೊಡತೊಡಗಿದ ಅನುದಾನ. ಕಾರುಗಳನ್ನು ರಸ್ತೆಯಿಂದ ತಗ್ಗಿಸುವ ಹೊಸ ಬಸ್ ಮಾರ್ಗ ಈ ಅನುದಾನಕ್ಕೆ ಅರ್ಹವಾಗಿತ್ತು. ಆದರೆ ಬಸ್ಸು ಓಡಿಸುವ ದಿನನಿತ್ಯದ ಖರ್ಚಿಗೆ ಅದು ಸಿಗುತ್ತಿದ್ದುದು ಸಾಮಾನ್ಯವಾಗಿ ಮೂರು ವರ್ಷಗಳ ಮಟ್ಟಿಗೆ. 2012ರ ಕಾಯ್ದೆ ಮೂರನೆಯ ವರ್ಷದ ಮೊತ್ತವನ್ನು ಇನ್ನೆರಡು ವರ್ಷಗಳಿಗೆ ಹರಡಿಕೊಳ್ಳಲು ಅವಕಾಶ ಕೊಟ್ಟಿತಷ್ಟೆ.

ಈ ಮೂರು ವರ್ಷಗಳ ಗಡುವನ್ನು ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ಉಚಿತ ಷಟಲ್‌ನ ಆಯುಷ್ಯವನ್ನು ಅದರಷ್ಟು ನಿರ್ಧರಿಸಿದ್ದು ಬೇರೊಂದಿಲ್ಲ ಎಂದೇ ನನಗೆ ತೋರುತ್ತದೆ. ಹೊಸ ಬಸ್ ಮಾರ್ಗವನ್ನು ಜನ ನಂಬಿ, ತಮ್ಮ ದಿನಚರಿಯನ್ನು ಅದಕ್ಕೆ ಹೊಂದಿಸಿಕೊಳ್ಳಲು ಒಂದೆರಡು ವರ್ಷ ಬೇಕಾಗುತ್ತದೆ. ಸರಿಯಾಗಿ ಆ ನಂಬಿಕೆ ಕುದುರುವ ಹೊತ್ತಿಗೆ ಅನುದಾನ ಮುಗಿಯುತ್ತದೆ. ಆಗ ಉಳಿಯುವುದು ವ್ಯಾಪಾರ ವಲಯದ ವಂತಿಗೆ. ಆದರೆ ಅಂಥ ವಲಯದ ಅವಧಿಯೇ ಹಲವೆಡೆ ಕೆಲವು ವರ್ಷಗಳದು, ಅವಧಿ ಮುಗಿದಾಗ ಅದನ್ನು ಮತ್ತೆ ಒಪ್ಪಿಸಿಕೊಳ್ಳಬೇಕು. ಆಸ್ತಿಯ ಮೇಲೆ ಕರ ಹಾಕುವ ಕಡೆಗಳಲ್ಲಿ ಮತ ಇರುವುದು ಕಟ್ಟಡದ ಮಾಲೀಕರಿಗೆ. ಬಸ್ಸಿನಿಂದ ಇಳಿದ ಗಿರಾಕಿಯನ್ನು ಬರಮಾಡಿಕೊಳ್ಳುವ ಬಾಡಿಗೆ ಅಂಗಡಿಯವರಿಗೆ ಮತವಿರುವುದಿಲ್ಲ, ಕರದ ಭಾರ ಮಾತ್ರ ಬಾಡಿಗೆಯ ಮೂಲಕ ಅವರನ್ನು ತಲುಪುತ್ತದೆ.

ಹಣ ಕಡಿಮೆಯಾದ ಕೂಡಲೇ ಯಾರೂ ಬಸ್ಸನ್ನು ನಿಲ್ಲಿಸುವುದಿಲ್ಲ. ಮೊದಲು ಓಡಾಟವನ್ನು ತಗ್ಗಿಸುತ್ತಾರೆ. ಒಂದು ಸುತ್ತು ಅರ್ಧ ಗಂಟೆ ಹಿಡಿಯುವ ಮಾರ್ಗದಲ್ಲಿ ಮೂರು ಬಸ್ಸುಗಳಿದ್ದರೆ ಹತ್ತು ನಿಮಿಷಕ್ಕೊಂದು ಸಿಗುತ್ತದೆ, ಎರಡಿದ್ದರೆ ಹದಿನೈದು ನಿಮಿಷಕ್ಕೊಂದು, ಒಂದೇ ಇದ್ದರೆ ಅರ್ಧ ಗಂಟೆಗೊಂದು. ಎರಡು ಕಿಲೋಮೀಟರ್ ದೂರವನ್ನು ಆರೋಗ್ಯವಂತರು ಇಪ್ಪತ್ತೈದು ನಿಮಿಷಗಳಲ್ಲಿ ನಡೆದೇ ಮುಗಿಸಬಲ್ಲರು. ಆದ್ದರಿಂದ ಎರಡು ಬಸ್ಸುಗಳನ್ನು ಕಿತ್ತುಕೊಂಡ ದಿನವೇ ನಡೆಯಬಲ್ಲವರು ಷಟಲ್‌ನಿಂದ ದೂರವಾಗುತ್ತಾರೆ, ಕಾರಿದ್ದವರು ಕಾರಿಗೆ ಮರಳುತ್ತಾರೆ, ಉಳಿಯುವವರು ಕಾಯದೆ ಬೇರೆ ದಾರಿಯಿಲ್ಲದ ವೃದ್ಧರು, ಮೊಣಕಾಲು ನೋವಿನವರು, ಎರಡು ಚೀಲ ಸಾಮಾನು ಹಿಡಿದವರು. ಮುಂದಿನ ವರ್ಷದ ಎಣಿಕೆಯಲ್ಲಿ ಸಂಖ್ಯೆ ಕುಸಿದಿರುತ್ತದೆ, ಮತ್ತು ಆ ಸಂಖ್ಯೆಯೇ ಬಸ್ಸನ್ನು ಪೂರ್ತಿ ನಿಲ್ಲಿಸುವುದಕ್ಕೆ ಆಧಾರವಾಗುತ್ತದೆ. ಪ್ರಕಟಣೆಯಲ್ಲಿ ಬರುವ ‘ಪ್ರಯಾಣಿಕರ ಕೊರತೆ’ಯನ್ನು ಓದುವಾಗ ಆ ಕೊರತೆಗೆ ಮುಂಚಿನ ಎರಡು ವರ್ಷಗಳ ವೇಳಾಪಟ್ಟಿಯನ್ನೂ ಪಕ್ಕದಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಟಿಕೆಟ್ ಇಲ್ಲದಿರುವುದರಿಂದ ಬರುವ ಇನ್ನೊಂದು ತೊಡಕೂ ಇದೆ. ಎಷ್ಟು ಜನ ಹತ್ತಿದರು ಎಂಬುದನ್ನು ಚಾಲಕರೋ ಬಾಗಿಲಿನ ಯಂತ್ರವೋ ಎಣಿಸಬಹುದು. ಇಳಿದವರು ಯಾವ ಅಂಗಡಿಗೆ ಹೋದರು, ಬಸ್ಸು ಇಲ್ಲದಿದ್ದರೆ ಬರುತ್ತಲೇ ಇರಲಿಲ್ಲವೇ ಎಂಬುದನ್ನು ಯಾವ ಎಣಿಕೆಯೂ ಹೇಳಲಾರದು. ವಂತಿಗೆ ಕೊಡುವ ವರ್ತಕರು ಕೇಳುವುದು ಮಾತ್ರ ಅದನ್ನೇ. ಅವರು ಹಾಗೆ ಕೇಳುವುದರಲ್ಲಿ ತಪ್ಪಿಲ್ಲ. ಆದರೆ ತಮ್ಮ ಅಂಗಡಿಯ ಮುಂದಿನ ಕಾರು ನಿಲುಗಡೆಗೆ ಅದೇ ಲೆಕ್ಕವನ್ನು ಯಾರೂ ಕೇಳಿದಂತೆ ಕಾಣುವುದಿಲ್ಲ.

2012ರ ಸುಮಾರಿಗೆ ಹಳೆಯ ಏರ್ಪಾಡುಗಳು ಒಂದರ ಹಿಂದೆ ಒಂದರಂತೆ ಕಳಚಿದವು. ಆರ್ಥಿಕ ಹಿಂಜರಿತದಿಂದ ಸಾರಿಗೆ ಸಂಸ್ಥೆಗಳ ಬೊಕ್ಕಸ ಬರಿದಾಗಿತ್ತು. ಪೋರ್ಟ್‌ಲ್ಯಾಂಡ್ 2010ರಲ್ಲೇ ಬಸ್ಸುಗಳನ್ನು ಉಚಿತ ವಲಯದಿಂದ ಹೊರಗಿಟ್ಟು, 2012ರ ಸೆಪ್ಟೆಂಬರ್ 1ರಂದು ರೈಲಿನ ಉಚಿತ ಪ್ರಯಾಣವನ್ನೂ ಮುಗಿಸಿತು. ಅದೇ ತಿಂಗಳ ಕೊನೆಗೆ ಸಿಯಾಟಲ್‌ನ ವಲಯವೂ ಇಲ್ಲವಾಯಿತು. ಬಸ್ ಸೇವೆಯನ್ನು ಉಳಿಸಲೆಂದು ವಾಹನಗಳ ಮೇಲೆ 20 ಡಾಲರ್ ಶುಲ್ಕ ಹೇರಲು 2011ರಲ್ಲಿ ಆದ ರಾಜಿಯಲ್ಲಿ ಉಚಿತ ವಲಯವನ್ನು ಬಿಟ್ಟುಕೊಡುವುದೂ ಒಂದು ಷರತ್ತಾಗಿತ್ತು. ಬೆಲ್ಜಿಯಂನ ಹಾಸೆಲ್ಟ್ ಪಟ್ಟಣ 1997ರಲ್ಲಿ ಬಸ್ಸುಗಳನ್ನು ಉಚಿತಗೊಳಿಸಿದ ಮೇಲೆ ಅಲ್ಲಿನ ಪ್ರಯಾಣಿಕರ ಸಂಖ್ಯೆ ಹತ್ತು ವರ್ಷಗಳಲ್ಲಿ ಹತ್ತು ಪಟ್ಟು ದಾಟಿತ್ತು. ಅದೂ 2013ರ ಕೊನೆಗೆ ಮುಗಿಯಿತು. ಪ್ರಯಾಣಿಕರು ಹೆಚ್ಚಿದಷ್ಟೂ ವೆಚ್ಚ ಹೆಚ್ಚುತ್ತದೆಯೇ ಹೊರತು ಆದಾಯ ಹೆಚ್ಚುವುದಿಲ್ಲ ಎಂಬ ಸಂಗತಿ ಅಲ್ಲಿ ಸ್ಪಷ್ಟವಾಗಿ ಕಂಡಿತು. ಜನ ಬಾರದಿದ್ದರೂ ಕಷ್ಟ, ಬಂದರೂ ಕಷ್ಟ.

ಉಚಿತ ಬಸ್ಸು ಯಾವಾಗಲೂ ನೆರೆಹೊರೆಯ ಅಂಗಡಿಗಳ ಪರವಾಗಿಯೇ ಇತ್ತು ಎನ್ನುವಂತಿಲ್ಲ. ದಕ್ಷಿಣ ಕೊರಿಯಾದಲ್ಲಿ 1990ರ ದಶಕದ ದೊಡ್ಡ ಮಳಿಗೆಗಳು ವಸತಿ ಪ್ರದೇಶಗಳಿಗೆ ತಮ್ಮದೇ ಉಚಿತ ಬಸ್ಸುಗಳನ್ನು ಕಳುಹಿಸಿ ಗಿರಾಕಿಗಳನ್ನು ಕರೆದೊಯ್ಯುತ್ತಿದ್ದವು. ಚಿಕ್ಕ ಅಂಗಡಿಯವರೂ ಬಸ್ ಉದ್ಯಮದವರೂ ಪ್ರತಿಭಟಿಸಿದರು, ಕಾನೂನು ಅಂಥ ಬಸ್ಸುಗಳನ್ನು ನಿಷೇಧಿಸಿತು, 2001ರ ಜೂನ್‌ನಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಆ ನಿಷೇಧವನ್ನು ಎತ್ತಿಹಿಡಿಯಿತು. ಬಸ್ಸಿನ ಮಾರ್ಗವನ್ನು ಗೆರೆ ಎಳೆಯುವವರು ಯಾರು ಎಂಬುದರ ಮೇಲೆ ಅದರ ಫಲ ನಿಂತಿದೆ.

ಉಳಿದುಕೊಂಡ ಷಟಲ್‌ಗಳ ಹಣದ ಮೂಲವನ್ನು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ 1996ರಲ್ಲಿ ಶುರುವಾದ ಉಚಿತ ಬಸ್ಸುಗಳ ಬೆನ್ನಿಗೆ 1999ರ ಕಾಯ್ದೆಯಂತೆ ವಸೂಲಾಗುವ ಪಾರ್ಕಿಂಗ್ ಕರವಿದೆ. ಕಾರು ನಿಲ್ಲುವ ಜಾಗವೇ ಬಸ್ಸಿನ ಖರ್ಚನ್ನು ಹೊರುತ್ತದೆ. ಕ್ಯಾಲಿಫೋರ್ನಿಯಾದ ಎಮರಿವಿಲ್‌ನಲ್ಲಿ ವಾಣಿಜ್ಯ ಆಸ್ತಿಗಳ ಮೇಲಿನ ಕರದಿಂದ ಷಟಲ್ ನಡೆಯುತ್ತಿದೆ. ಬಾಲ್ಟಿಮೋರ್ ಪಾರ್ಕಿಂಗ್ ತೆರಿಗೆಯನ್ನು ಹೆಚ್ಚಿಸಿ 2010ರಲ್ಲಿ ಉಚಿತ ಬಸ್ಸು ಹೊರಡಿಸಿತು. ವೆಚ್ಚ ಆದಾಯವನ್ನು ಮೀರಿದ ವರ್ಷಗಳನ್ನೂ ಅದು ದಾಟಿ ಬಂದಿದೆ. ಇವೆಲ್ಲ ವರ್ಷ ವರ್ಷವೂ ಬರುವ ಹಣ. ಅರ್ಜಿ ಹಾಕಿ ಪಡೆದು ಗಡುವಿನೊಂದಿಗೆ ಮುಗಿಯುವ ಹಣವಲ್ಲ.

2020ರ ಸೋಂಕಿನ ಕಾಲದಲ್ಲಿ ಕಚೇರಿಗಳು ಖಾಲಿಯಾದಾಗ ಎಷ್ಟೋ ಕಡೆ ಪೇಟೆಯ ಬಸ್ಸುಗಳಿಗೆ ಆಧಾರವಾಗಿದ್ದ ಮಧ್ಯಾಹ್ನದ ಜನಸಂದಣಿಯೇ ಮಾಯವಾಯಿತು. ವಾಷಿಂಗ್ಟನ್‌ನಲ್ಲಿ 2005ರಿಂದ 1 ಡಾಲರ್ ದರದಲ್ಲಿ, 2019ರ ಕೆಲವು ತಿಂಗಳು ಉಚಿತವಾಗಿಯೂ ಓಡಿದ ಸರ್ಕ್ಯುಲೇಟರ್ ಬಸ್ಸು 2024ರ ಡಿಸೆಂಬರ್ 31ರಂದು ನಿಂತಿತು.

ಸಿಯಾಟಲ್‌ನಲ್ಲಿ ಉಚಿತ ವಲಯ ಮುಗಿದ ಮೇಲೆ ನಗರಾಡಳಿತ ತನ್ನ ಬಳಿ ಉಳಿದ ಹಣದಿಂದ ಒಂದು ಸಣ್ಣ ಉಚಿತ ಬಸ್ಸಿಗೆ ನೆರವಾಯಿತು. ಅದನ್ನು ನಡೆಸಿದ್ದು ಸೇವಾ ಸಂಸ್ಥೆಯೊಂದು, ಅದು ನಿಲ್ಲುತ್ತಿದ್ದುದು ಬಡವರು ಹೋಗುವ ಆರೋಗ್ಯ ಮತ್ತು ನೆರವಿನ ಕೇಂದ್ರಗಳ ಬಳಿ. ಮೂವತ್ತೊಂಬತ್ತು ವರ್ಷ ಪೇಟೆಯ ಗಿರಾಕಿಗಳಿಗೆಂದು ನಡೆದ ಏರ್ಪಾಡಿನಲ್ಲಿ ಟಿಕೆಟ್ಟಿಗೆ ಕಾಸಿಲ್ಲದವರು ಎಷ್ಟು ಮಂದಿ ಓಡಾಡುತ್ತಿದ್ದರು ಎಂಬ ಪ್ರಶ್ನೆ ಅದು ನಿಂತುಹೋಗುವ ಹೊತ್ತಿನಲ್ಲಿ ಎಲ್ಲರ ಮುಂದೆ ಬಂದಿತ್ತು.