ಥೋರೋ ತೂರಿದ ಕಪ್ಪು ಪುಡಿ

ಪೆನ್ಸಿಲ್ ಮೊನೆ ಅಂಗೈಗೆ ಚುಚ್ಚಿದರೆ ‘ಸೀಸ ಒಳಗೆ ಹೋಯ್ತು, ವಿಷ ಆಗುತ್ತೆ’ ಅಂತ ಮಕ್ಕಳನ್ನು ಹೆದರಿಸುವವರು ಇನ್ನೂ ಇದ್ದಾರೆ. ಪೆನ್ಸಿಲ್ಲಿಗೆ ‘ಸೀಸದಕಡ್ಡಿ’ ಅಂತ ಹೆಸರಿಟ್ಟುಕೊಂಡ ನಮ್ಮದೂ ತಪ್ಪಿದೆ ಬಿಡಿ. ಮೊನೆಯಲ್ಲಿ ಸೀಸ ಇಲ್ಲವೇ ಇಲ್ಲ. ಇರುವುದು ಗ್ರಾಫೈಟ್. 16ನೇ ಶತಮಾನದಲ್ಲಿ ಇಂಗ್ಲೆಂಡಿನ ಬಾರೋಡೇಲ್‌ನಲ್ಲಿ ಅದು ಸಿಕ್ಕಾಗ ಜನ ಕಪ್ಪು ಸೀಸ ಅಂದುಕೊಂಡರು. ಅದು ಇದ್ದಿಲಿನ ಜಾತಿಯ ಇಂಗಾಲ ಅಂತ 1779ರಲ್ಲಿ ರಸಾಯನ ವಿಜ್ಞಾನಿ ಶೀಲೆ ತೋರಿಸಿಕೊಟ್ಟ. ಹೆಸರು ಮಾತ್ರ ಅಂಟಿಕೊಂಡೇ ಉಳಿಯಿತು.

ಇದು ನೆನಪಾದದ್ದು ಥೋರೋನಿಂದ. ಗಾಂಧೀಜಿ ಮೆಚ್ಚಿದ, ಕೊಳದ ದಂಡೆಯಲ್ಲಿ ಗುಡಿಸಲು ಕಟ್ಟಿ ಎರಡು ವರ್ಷ ಇದ್ದ, 19ನೇ ಶತಮಾನದ ಅಮೆರಿಕದ ಲೇಖಕ, ಅದೇ ಹೆನ್ರಿ ಡೇವಿಡ್ ಥೋರೋ. ಯಂತ್ರ ಕಂಡರೆ ಆಗದ ಮನುಷ್ಯ ಅಂತಲೇ ಎಲ್ಲರ ಎಣಿಕೆ. ಆದರೆ ಮ್ಯಾಸಚೂಸೆಟ್ಸ್‌ನ ಕಾಂಕರ್ಡ್ ಊರಿನಲ್ಲಿ ಅವನ ಮನೆಯ ಕಸುಬೇ ಪೆನ್ಸಿಲ್ ಮಾಡುವುದು!

ಆಗಿನ ಅಮೆರಿಕದ ಪೆನ್ಸಿಲ್ ಬಲು ಕೆಟ್ಟದು. ಗ್ರಾಫೈಟ್ ಪುಡಿಗೆ ಅಂಟು, ಮೇಣ ಕಲಸಿ ತುಂಬುತ್ತಿದ್ದರು. ಬರೆದರೆ ಜಿಡ್ಡು, ನಡುನಡುವೆ ಗರಗರ. ಫ್ರಾನ್ಸಿನ ಕಾಂಟೆ 1795ರಲ್ಲೇ ಪುಡಿಗೆ ಜೇಡಿಮಣ್ಣು ಕಲಸಿ ಸುಡುವ ದಾರಿ ಕಂಡುಕೊಂಡಿದ್ದ. ಅಮೆರಿಕದಲ್ಲಿ ಆ ಹದ ಹಿಡಿದ ಮೊದಲಿಗರಲ್ಲಿ ಥೋರೋ ಒಬ್ಬ.

ಮಣ್ಣು ಯಾಕೆ? ಗ್ರಾಫೈಟ್ ಅಂದರೆ ಚಿರೋಟಿ. ಪದರದ ಮೇಲೆ ಪದರ. ಒಂದೊಂದು ಪದರವೂ ಒಳಗೆ ಗಟ್ಟಿ; ಎರಡರ ನಡುವಿನ ಹಿಡಿತ ಮಾತ್ರ ಸಡಿಲ. ಬೆರಳು ತಾಗಿದರೆ ಸಾಕು, ಚಿರೋಟಿ ಉದುರುತ್ತದೆ, ಅಲ್ವಾ? ಕಾಗದ ತಾಗಿದಾಗ ಇಲ್ಲಿ ಆಗುವುದೂ ಅದೇ. ನಾವು ಬರೆಯುವುದು ಅಂದರೆ ಪದರ ಉದುರಿಸುತ್ತಾ ಹೋಗುವುದು. ಸುಟ್ಟ ಮಣ್ಣು ಈ ಉದುರುವಿಕೆಗೆ ಕಡಿವಾಣ. ಮಣ್ಣು ಜಾಸ್ತಿಯಾದರೆ ಮೊನೆ ಗಟ್ಟಿ, ಗೆರೆ ತೆಳು. ಕಮ್ಮಿಯಾದರೆ ಮೊನೆ ಮೆತ್ತಗೆ, ಗೆರೆ ಕಪ್ಪು. ಥೋರೋ ಮನೆಯ ಪೆನ್ಸಿಲ್‌ಗಳಿಗೆ ಈ ಲೆಕ್ಕದಲ್ಲೇ ನಂಬರ್ ಬಿತ್ತು.

ನನಗೆ ತುಂಬಾ ಇಷ್ಟವಾದದ್ದು ಗರಗರಕ್ಕೆ ಅವನು ಹುಡುಕಿದ ಮದ್ದು. ಗ್ರಾಫೈಟ್ ಬೀಸುವ ಯಂತ್ರದ ಮೇಲೆ ಸುಮಾರು ಏಳು ಅಡಿ ಎತ್ತರದ ಗೂಡು ಕಟ್ಟಿ, ಗಾಳಿ ಏಳುವಂತೆ ಮಾಡಿದ. ನಮ್ಮ ಕಣದಲ್ಲಿ ತೂರುವಾಗ ಹಾರುವುದು ಹೊಟ್ಟು, ಕೆಳಗೆ ಬೀಳುವುದು ಕಾಳು. ಇಲ್ಲಿ ಉಲ್ಟಾ. ಗಾಳಿಯಲ್ಲಿ ಮೇಲೇರಿ ತುದಿಯ ಪೆಟ್ಟಿಗೆ ಸೇರಿದ ನಯ ಪುಡಿಯೇ ಕಾಳು! ದಪ್ಪ ಕಣ ಮತ್ತೆ ಬೀಸುವ ಕಲ್ಲಿಗೇ ಬೀಳುತ್ತದೆ. ಜರಡಿಗೂ ಸಿಗದ ನಯ.

ರಾಶಿ ಬಿದ್ದ ಪೆನ್ಸಿಲ್‌ಗಳಿಗೆ ಕೈ ಹಾಕಿದರೆ ಪ್ರತಿ ಸಲವೂ ಸರಿಯಾಗಿ ಹನ್ನೆರಡು ಎತ್ತುತ್ತಿದ್ದ ಅಂತ ಅವನ ಗೆಳೆಯ, ಲೇಖಕ ಎಮರ್ಸನ್ ಬರೆದಿದ್ದಾರೆ. ಅಷ್ಟು ಪಳಗಿದ ಕೈ.

ಕೊನೆಗೆ ಪೆನ್ಸಿಲ್‌ಗಿಂತ ಪುಡಿಗೇ ಬೇಡಿಕೆ ಬಂತು. ಎಲೆಕ್ಟ್ರೋಟೈಪ್ ಮುದ್ರಣದಲ್ಲಿ, ಅಂದರೆ ಅಚ್ಚಿನ ಮೇಲೆ ವಿದ್ಯುತ್ತಿನಿಂದ ಲೋಹದ ಪದರ ಕಟ್ಟಿ ಮುದ್ರಣ ಫಲಕ ಮಾಡುವ ವಿಧಾನದಲ್ಲಿ, ಮೇಣದ ಅಚ್ಚಿಗೆ ವಿದ್ಯುತ್ ಹರಿಯುವಂತೆ ಸವರಲು ನಯವಾದ ಗ್ರಾಫೈಟೇ ಬೇಕಿತ್ತು. 1850ರ ದಶಕದಲ್ಲಿ ಥೋರೋ ಮನೆಯವರು ಪೆನ್ಸಿಲ್ ಬಿಟ್ಟು ಬರೀ ಪುಡಿ ಮಾರಲು ಕೂತರು.